ಕಣ್ಣು ಬಿಟ್ಟು ಮೂಸಿದ ಅವರೆ

ಆಗ ನನಗೆ ನಲವತ್ತೆಂಟು ವರ್ಷ. ಇದು ನಡೆದು ಇಪ್ಪತ್ತೈದು ವರ್ಷವಾಯಿತು. ಆ ಬೇಸಿಗೆಯಲ್ಲಿ ನನ್ನ ಮೂಗು ಸತ್ತಿತು.

ಮೂಗು ಸತ್ತರೆ ಏನು ಮಹಾ ಎನ್ನಬಹುದು. ನೆಗಡಿಯಾದವರಿಗೆಲ್ಲ ಸಾಯುತ್ತದೆ, ನಾಲ್ಕು ದಿನಕ್ಕೆ ಮತ್ತೆ ಬರುತ್ತದೆ. ಆದರೆ ನನ್ನ ಕೆಲಸವೇ ಮೂಸುವುದು. ಗುಬ್ಬಿ ರಸ್ತೆಯ ಪಕ್ಕ ಬೀಜದ ಸಂಶೋಧನೆ ಮಾಡುವ ಫಾರಂ ಒಂದಿತ್ತು. ಅಲ್ಲಿ ಒಬ್ಬರು ಮೇಡಂ ಅವರೆಯ ಹೊಸ ತಳಿ ಮಾಡುತ್ತಿದ್ದರು. ಅವರು ಬೆಳೆಸಿದ ಕಾಯಿಯಲ್ಲಿ ಸೊಗಡು ಇದೆಯೋ ಇಲ್ಲವೋ, ಇದ್ದರೆ ಎಷ್ಟು, ಇದನ್ನು ಮೂಸಿ ಹೇಳುವವಳು ನಾನು. ಮಿಕ್ಕ ದಿನಗಳಲ್ಲಿ ಎಲ್ಲ ಹೆಂಗಸರ ಜೊತೆ ಕಳೆ ಕೀಳುತ್ತಿದ್ದೆ. ಕಾಯಿ ಬಲಿಯುವ ಕಾಲ ಬಂತೆಂದರೆ ನನ್ನನ್ನು ಬಿಸಿಲಿಂದ ಎಬ್ಬಿಸಿ ಶೆಡ್ಡಿನೊಳಗೆ ಮಣೆ ಹಾಕಿ ಕೂರಿಸುತ್ತಿದ್ದರು. ಅದು ನನಗೆ ಜಂಬ. ಸುಳ್ಳು ಯಾಕೆ ಹೇಳಲಿ.

ಸೊಗಡು ಎಂದರೆ ನಮ್ಮ ಕಡೆಯವರಿಗೆ ಗೊತ್ತು. ಅವರೆಕಾಯಿ ಸಿಪ್ಪೆಯ ಮೇಲೆ ಒಂದು ಜಿಡ್ಡು ಇರುತ್ತದೆ, ಅದರ ವಾಸನೆ. ಮಾಗಿಯ ಇಬ್ಬನಿ ಬಿದ್ದಷ್ಟೂ ಏರುತ್ತದೆ. ಕಾಯಿ ಸುಲಿದ ಕೈಯನ್ನು ಸೋಪು ಹಾಕಿ ತೊಳೆದರೂ ಸಂಜೆಯವರೆಗೆ ಬಿಡುವುದಿಲ್ಲ. ಸೊಗಡಿಲ್ಲದ ಅವರೆಯ ಹುಳಿ ಮಾಡಿದರೆ ಮನೆಯವರು ತಿಂದು ಎದ್ದು ಹೋಗುತ್ತಾರೆ, ಏನು ತಿಂದೆವು ಎಂದು ಗೊತ್ತಿರುವುದಿಲ್ಲ.

ಅವರೆ ಚಳಿಗಾಲದ ಬೆಳೆ. ಯಾವಾಗ ಬಿತ್ತಿದರೂ ಹಗಲು ಗಿಡ್ಡವಾಗುವವರೆಗೆ ಹೂ ಬಿಡುವುದಿಲ್ಲ, ಬಳ್ಳಿ ಹಬ್ಬಿಕೊಂಡು ಸುಮ್ಮನಿರುತ್ತದೆ. ಮೇಡಂ ಹತ್ತಿರ ಬೇಸಿಗೆಯಲ್ಲೂ ಕಾಯಿ ಬಿಡುವ ಜಾತಿ ಒಂದಿತ್ತು. ಅದಕ್ಕೆ ಸೊಗಡಿರಲಿಲ್ಲ. ಅದಕ್ಕೂ ನಮ್ಮ ಸೊಗಡಿನ ಅವರೆಗೂ ಸಂಬಂಧ ಮಾಡಿಸಿ, ಎರಡು ಗುಣವೂ ಬಂದಿರುವ ಮಗುವನ್ನು ಹುಡುಕುವುದೇ ಅವರ ಕೆಲಸ. ಸಂಜೆ ಹೊತ್ತು ಅರಳದ ಮೊಗ್ಗನ್ನು ಬಿಡಿಸಿ ಒಳಗಿನ ಕೇಸರವನ್ನು ಚಿಮುಟದಲ್ಲಿ ಕೀಳಬೇಕು. ಬೆಳಿಗ್ಗೆ ಇನ್ನೊಂದು ಜಾತಿಯ ಹೂವಿನ ಪುಡಿ ಮುಟ್ಟಿಸಿ ತೊಟ್ಟಿಗೆ ದಾರ ಕಟ್ಟಬೇಕು. ಹತ್ತು ಕಟ್ಟಿದರೆ ಎಂಟು ಉದುರುತ್ತಿದ್ದವು. ಉಳಿದ ಎರಡರ ಬೀಜ ಬಿತ್ತಿ, ಅದರ ಮಕ್ಕಳನ್ನು ಬಿತ್ತಿ, ಮೊಮ್ಮಕ್ಕಳನ್ನು ಬಿತ್ತಿ, ಹೀಗೆ ವರ್ಷಗಳು ಹೋಗುತ್ತಿದ್ದವು.

ಮೇಡಂ ಕುಣಿಗಲ್ ತಾಲ್ಲೂಕಿನ ಅಮೃತೂರು ಕಡೆಯವರು, ಮೇಷ್ಟರ ಮಗಳು. ಕೃಷಿ ಕಾಲೇಜಿನಲ್ಲಿ ಇಡೀ ಕ್ಲಾಸಿಗೆ ಅವರೊಬ್ಬರೇ ಹುಡುಗಿಯಂತೆ. ನೇಗಿಲು ಹಿಡಿಸುವ ಪರೀಕ್ಷೆಯ ದಿನ ಹುಡುಗರೆಲ್ಲ ಬದುವಿನ ಮೇಲೆ ಸಾಲಾಗಿ ಕೂತು ನೋಡಿದರಂತೆ. ‘ಸಾಲು ಸೊಟ್ಟಗಾಯ್ತು, ಆದ್ರೆ ಅವರದ್ದೂ ಸೊಟ್ಟಗಿತ್ತು’ ಎಂದು ಒಂದು ಸಲ ಹೇಳಿದ್ದರು. ಕೆಲಸಕ್ಕೆ ಸೇರಿದ ಮೇಲೆ ಮೊದಲು ಹಾಕಿದ್ದು ರಾಗಿಗೆ. ರಾಗಿ ಹೂವು ಕಣ್ಣಿಗೇ ಕಾಣುವುದಿಲ್ಲ. ಅದರಲ್ಲಿ ಹೆಣ್ಣು ಗಂಡು ಬೇರೆ ಮಾಡುತ್ತ ಹಲವು ವರ್ಷ ಕಳೆದರು. ಅಲ್ಲಿ ಅವರ ಮೇಲಿನವರು ಬರೆದ ಪುಸ್ತಕದಲ್ಲಿ ಅಂಕಿಗಳು ತೀರ ಒಪ್ಪವಾಗಿದ್ದವಂತೆ. ಇದು ಯಾಕೆ ಹೀಗೆ ಎಂದು ಮೇಡಂ ಎಲ್ಲರೆದುರು ಕೇಳಿಬಿಟ್ಟರು. ಸ್ವಲ್ಪ ದಿನಕ್ಕೆ ಅವರನ್ನು ರಾಗಿಯಿಂದ ಎತ್ತಿ ಅವರೆಗೆ ಹಾಕಿದರು. ಆಗ ಅವರೆಗೆ ಹೋಗು ಎಂದರೆ ಮೂಲೆಗೆ ಹೋಗು ಎಂದ ಹಾಗೆ. ಅವರೆಯಲ್ಲಿ ಸಂಶೋಧನೆ ಮಾಡುವುದೇನಿದೆ, ಅದು ಹೆಂಗಸರು ಸಾಲಿನ ಮಧ್ಯೆ ಹಾಕಿಕೊಳ್ಳುವ ಬೆಳೆ ಎಂದು ದೊಡ್ಡವರ ಎಣಿಕೆ. ಮೇಡಂ ಮೂಲೆಯಲ್ಲೇ ಕೂತು ಕೆಲಸ ಮಾಡಿದರು. ಸೊಗಡನ್ನು ಪುಸ್ತಕಕ್ಕೆ ಹತ್ತಿಸಿದವರಲ್ಲಿ ಅವರೇ ಮೊದಲು ಎಂದು ಫಾರಮ್ಮಿನವರು ಹೇಳುತ್ತಿದ್ದರು. ಅದಕ್ಕೂ ಮೀಟಿಂಗಿನಲ್ಲಿ ನಕ್ಕರಂತೆ. ಎತ್ತರ ಅಳೆಯಬಹುದು, ಕಾಯಿ ತೂಗಬಹುದು, ವಾಸನೆಗೆ ಯಾವ ತಕ್ಕಡಿ ಎಂದು.

ತಕ್ಕಡಿ ನಾನು.

ನಾನು ಸಿಕ್ಕಿದ್ದು ತುಮಕೂರಿನ ಮಾರ್ಕೆಟ್ಟಿನ ಹೊರಗೆ. ಆ ಹೊತ್ತಿಗೆ ಆರು ವರ್ಷದ ಹಿಂದೆ. ಹಾಗಲವಾಡಿ ಕಡೆಯಿಂದ ಮೂಟೆ ಹಾಕಿಸಿಕೊಂಡು ಬಂದು ಕಾಯಿ ಮಾರುತ್ತಿದ್ದೆ. ಕನ್ನಡಕ ಹಾಕಿದ ಹೆಂಗಸೊಬ್ಬರು ಬಂದು ಒಂದು ಕಾಯಿ ಎತ್ತಿ ಮೂಸಿ ಹಾಕುವುದು, ಇನ್ನೊಂದು ಎತ್ತಿ ಮೂಸಿ ಹಾಕುವುದು.

‘ಮೂಸಿದ್ ಕಾಯಿ ಮುಡಿದ್ ಹೂವಿದ್ದಂಗೆ ಕಣಮ್ಮ. ತಗಂಡು ಹೋಗಿ, ಇಲ್ಲ ಕೈ ತಗೀರಿ’ ಎಂದೆ.

ಅವರು ಸಿಟ್ಟಾಗಲಿಲ್ಲ. ಬ್ಯಾಗಿನಿಂದ ಬೇರೆ ಎರಡು ಕಾಯಿ ತೆಗೆದು ನನ್ನ ಮೂಗಿಗೆ ಹಿಡಿದರು. ಒಂದು ಮಂಜಿನಲ್ಲಿ ಬೆಳೆದದ್ದು, ಇನ್ನೊಂದು ಅವರೆಯೇ ಅಲ್ಲ, ಕತ್ತೆ ಮೇವು ಎಂದೆ. ಎರಡನೆಯದು ಅವರ ಬೇಸಿಗೆ ಜಾತಿ. ಫಾರಮ್ಮಿಗೆ ಬಾ ಎಂದು ವಿಳಾಸ ಹೇಳಿದರು.

ಒಬ್ಬಳೇ ಹೋಗಲು ಹೆದರಿಕೆಯಾಗಿ ನಾದಿನಿಯನ್ನು ಕರೆದುಕೊಂಡು ಹೋದೆ. ನನ್ನ ಗಂಡನ ತಂಗಿ, ನಮ್ಮೂರಲ್ಲೇ ಎರಡನೇ ಬೀದಿಗೆ ಕೊಟ್ಟಿದ್ದರು. ಮೇಡಂ ಇಬ್ಬರನ್ನೂ ಶೆಡ್ಡಿನಲ್ಲಿ ದೂರ ದೂರ ಕೂರಿಸಿದರು. ಬಿದಿರಿನ ಚಿಬ್ಬಲುಗಳಲ್ಲಿ ಕಾಯಿ ಹಾಕಿ ಮೇಲೆ ಬಟ್ಟೆ ಮುಚ್ಚಿದ್ದರು. ಕಣ್ಣು ಮುಚ್ಚಿಕೊಂಡು ಮೂಸಬೇಕು. ಸೊಗಡಿಲ್ಲದಿದ್ದರೆ ಮುಷ್ಟಿ, ಸ್ವಲ್ಪ ಇದ್ದರೆ ಒಂದು ಬೆರಳು, ತುಂಬ ಇದ್ದರೆ ಮೂರು. ನಾನು ಚೆನ್ನಾಗಿ ಹೇಳಿದೆ. ನಾದಿನಿ ನನಗಿಂತ ಚೆನ್ನಾಗಿ ಹೇಳಿದಳು. ಮೇಡಂ ಮುಖದಲ್ಲೇ ಗೊತ್ತಾಯಿತು.

ಅವಳು ಕೈ ತೊಳೆಯಲು ಆಚೆ ಹೋದಾಗ, ‘ಅವ್ಳು ಕಣ್ ಬುಟ್ಟಿದ್ಲು ಅಮ್ಮಾವ್ರೆ’ ಎಂದು ಹೇಳಿದೆ.

ಮೇಡಂ ಏನೂ ಕೇಳಲಿಲ್ಲ. ನಾದಿನಿಗೆ ಕಳೆ ಕೀಳುವ ಕೆಲಸ ಕೊಟ್ಟರು, ನನಗೆ ಮಣೆ. ಆಮೇಲೆ ಆರು ವರ್ಷ ಅವಳು ಬಿಸಿಲಿನಲ್ಲಿ ಬಗ್ಗಿಕೊಂಡಿದ್ದಾಗ ನಾನು ನೆರಳಿಂದ, ‘ನಿನ್ನ ಮೂಗು ಇರೋದು ಮೂಗ್ಬೊಟ್ಟು ಹಾಕ್ಕಳಕ್ಕೆ ಕಣೇ’ ಎಂದು ಎಷ್ಟು ಸಲ ಹಂಗಿಸಿದ್ದೇನೋ. ಅವಳೂ ಬಿಡುತ್ತಿರಲಿಲ್ಲ. ‘ಹೂಂ ಅತ್ಗೆ, ನಿಮ್ಮ ಮೂಗ್ನ ಬ್ಯಾಂಕ್ನಾಗೆ ಇಡಿ’ ಎನ್ನುತ್ತಿದ್ದಳು.

ಕಣ್ಣು ಮುಚ್ಚುವುದು ಯಾಕೆ ಎಂದು ಮೇಡಂ ಮೊದಲ ವರ್ಷವೇ ಹೇಳಿಕೊಟ್ಟಿದ್ದರು. ಅವರ ಮೂಗು ಚೆನ್ನಾಗಿಯೇ ಇತ್ತು. ಆದರೆ ಯಾವ ಚಿಬ್ಬಲಿನಲ್ಲಿ ಯಾವ ಗಿಡದ ಕಾಯಿ ಎಂದು ಅವರಿಗೆ ಗೊತ್ತಿರುತ್ತದೆ. ಹೆತ್ತವಳ ಮೂಗಿಗೆ ತನ್ನ ಕೂಸಿನ ಎಲ್ಲ ವಾಸನೆಯೂ ಒಳ್ಳೆಯದೇ ಎನ್ನುತ್ತಿದ್ದರು. ಅದಕ್ಕೇ ಗೊತ್ತಿಲ್ಲದವಳು ಬೇಕು. ಕಾಯಿಯನ್ನು ಕಣ್ಣಿಂದ ನೋಡಿದರೆ ನನಗೂ ಗೊತ್ತಾಗಿಬಿಡುತ್ತದೆ. ಅಂಚು ಕೆಂಪಗಿದ್ದು ಸಣ್ಣಗೆ ಬಾಗಿರುವ ಕಾಯಿ ನಮ್ಮ ನಾಡ ತಾಯಿಯ ಕಡೆ ಹೋಗಿರುತ್ತದೆ, ಅಗಲವಾಗಿ ಬಿಳಿಚಿಕೊಂಡಿರುವುದು ಬೇಸಿಗೆ ತಂದೆಯ ಕಡೆ. ‘ತಾಯಿ ಮುಖ ಬಂದ ಮಾತ್ರಕ್ಕೆ ತಾಯಿ ಗುಣ ಬರಲ್ಲ. ಮುಖ ಒಂದು ದಾರೀಲಿ ಬರುತ್ತೆ, ಸೊಗಡು ಇನ್ನೊಂದು ದಾರೀಲಿ’ ಎಂದು ನೂರು ಸಲ ಹೇಳಿದ್ದರು. ಒಂದೊಂದು ಜಾತಿಯನ್ನೂ ಮೂರು ಮೂರು ಚಿಬ್ಬಲಿಗೆ ಹಾಕಿ, ಹಿಂದೆ ಮುಂದೆ ಮಾಡಿ ಇಡುತ್ತಿದ್ದರು.

ಆ ವರ್ಷ ಒಂಬತ್ತು ಜಾತಿ ಉಳಿದಿದ್ದವು. ಒಂಬತ್ತೂ ಬೇಸಿಗೆಯಲ್ಲಿ ಕಾಯಿ ಬಿಟ್ಟಿದ್ದವು. ಯಾವುದಕ್ಕೆ ಸೊಗಡಿದೆ ಎಂದು ಆರಿಸಿ ಮೀಟಿಂಗಿಗೆ ಒಯ್ದರೆ ಅದು ತಳಿಯಾಗಿ ರೈತರಿಗೆ ಹೋಗುತ್ತದೆ. ಬೇಸಿಗೆ ಕಳೆಯುವಷ್ಟರಲ್ಲಿ ಮೇಡಂ ರಿಟೈರ್ ಆಗುವವರಿದ್ದರು. ಅವರಿಗೆ ಇನ್ನೊಂದು ಬೇಸಿಗೆ ಇರಲಿಲ್ಲ.

ಶಿವರಾತ್ರಿ ಕಳೆದು ನನಗೆ ಜ್ವರ ಬಂತು. ಜ್ವರ ಬಿಟ್ಟಿತು, ನೆಗಡಿಯೂ ಬಿಟ್ಟಿತು, ಮೂಗು ಬರಲಿಲ್ಲ. ಮೊದಲು ಗೊತ್ತಾದದ್ದು ಇಂಗಿನ ಡಬ್ಬಿಯಲ್ಲಿ. ಒಗ್ಗರಣೆಗೆ ಮುಚ್ಚಳ ತೆಗೆದೆ, ಬರೀ ಕಲ್ಲಿನ ಚೂರು ನೋಡಿದಂತಾಯಿತು. ಬೆಳ್ಳುಳ್ಳಿ ಜಜ್ಜಿ ಹಿಡಿದೆ. ಸೀಮೆಎಣ್ಣೆ ಕ್ಯಾನಿಗೆ ಮೂಗಿಟ್ಟೆ. ಕೊಟ್ಟಿಗೆಯಲ್ಲಿ ನಿಂತೆ. ಎಲ್ಲ ಒಂದೇ, ಗಾಳಿ. ಓಂಕಾಳಿನ ಹಬೆ ತೆಗೆದುಕೊಂಡೆ, ನೀಲಗಿರಿ ಎಣ್ಣೆ ಹಚ್ಚಿದೆ, ಯಾರೋ ಹೇಳಿದರೆಂದು ನಶ್ಯ ಏರಿಸಿದೆ. ಸೀನು ಬಂತು, ವಾಸನೆ ಬರಲಿಲ್ಲ. ಯಾರಿಗೂ ಹೇಳಲಿಲ್ಲ. ಒಲೆ ಮುಂದೆ ನಾನೇ ಕೂತಿದ್ದು ಮುದ್ದೆ ತಳ ಹತ್ತಿತು, ಸೊಸೆ ಹಿತ್ತಲಿಂದ ಓಡಿ ಬಂದು ಇಳಿಸಿದಳು. ನಿದ್ದೆ ಮಾಡ್ತಿದ್ರಾ ಅತ್ತೆ ಎಂದಳು. ಹೌದು ಎಂದೆ.

ದಿನಾ ಬೆಳಿಗ್ಗೆ ಎದ್ದ ತಕ್ಷಣ ಮುಷ್ಟಿ ಕೊತ್ತಂಬರಿ ಕಿವುಚಿ ಮೂಸುತ್ತಿದ್ದೆ. ಇವತ್ತು ಬಂದೀತು, ನಾಳೆ ಬಂದೀತು. ಯುಗಾದಿ ಬಂತು. ಬೇವು ಕಹಿಯಾಗಿತ್ತು, ಬೆಲ್ಲ ಸಿಹಿಯಾಗಿತ್ತು, ಅಷ್ಟೇ. ಅತ್ತ ಫಾರಮ್ಮಿನಲ್ಲಿ ಕಾಯಿ ಬಲಿಯುತ್ತಿತ್ತು. ಕಳೆ ಕೀಳುತ್ತ ಸಾಲಿನ ನಡುವೆ ಹೋಗುವಾಗ ಕಾಯಿ ದಪ್ಪವಾದದ್ದು ಕಂಡರೆ ಇನ್ನೆಷ್ಟು ದಿನ ಉಳಿಯಿತು ಎಂದು ಬೆರಳು ಮಡಿಚಿ ಎಣಿಸುತ್ತಿದ್ದೆ. ಹೇಳಿಬಿಡಬಹುದಿತ್ತು. ಹೇಳಿದರೆ ಮಣೆ ಹೋಗುತ್ತದೆ. ಮಣೆ ಯಾರಿಗೆ ಹೋಗುತ್ತದೆ ಎಂದೂ ಗೊತ್ತಿತ್ತು.

ಹಬ್ಬದ ಮರುವಾರ ಒಂದು ದಿನ ಬಿಸಿಲೇರುವ ಮೊದಲೇ ಮೇಡಂ ಶೆಡ್ಡಿನಲ್ಲಿ ಇಪ್ಪತ್ತೇಳು ಚಿಬ್ಬಲು ಜೋಡಿಸಿದರು. ನಾನು ಮಣೆಯ ಮೇಲೆ ಕೂತೆ. ಮೊದಲನೆಯದಕ್ಕೆ ಮೂಗಿಟ್ಟು ಕಣ್ಣು ಮುಚ್ಚಿ ಎಳೆದೆ. ಏನೂ ಇಲ್ಲ. ಮುಷ್ಟಿ ತೋರಿಸಲೇ? ಇಪ್ಪತ್ತೇಳಕ್ಕೂ ಮುಷ್ಟಿ ತೋರಿಸಿದರೆ ಸಿಕ್ಕಿಬೀಳುತ್ತೇನೆ. ಮೇಡಂ ನನ್ನ ಹಿಂದೆ ಪುಸ್ತಕ ಹಿಡಿದು ನಿಂತಿದ್ದರು, ನನ್ನ ಮುಖ ಅವರಿಗೆ ಕಾಣುತ್ತಿರಲಿಲ್ಲ.

ಕಣ್ಣು ಬಿಟ್ಟೆ.

ಬಟ್ಟೆಯ ಸಂದಿಯಲ್ಲಿ ಕೆಂಪಂಚಿನ ಬಾಗಿದ ಕಾಯಿ ಕಂಡಿತು. ಮೂರು ಬೆರಳು ತೋರಿಸಿದೆ. ಮುಂದಿನದು ಅಗಲದ ಬಿಳಿಚು, ಮುಷ್ಟಿ. ಅದರ ಮುಂದಿನದು ಎರಡರ ನಡುವಿನದು, ಎರಡು ಬೆರಳು. ಆಮೇಲೆ ಸಲೀಸಾಯಿತು. ಮೊದಲು ನೋಡಿದ ಕಾಯಿಯೇ ಹತ್ತನೆಯ ಚಿಬ್ಬಲಿನಲ್ಲಿ ಬಂದಾಗ ಗುರುತು ಹಿಡಿದೆ, ಮತ್ತೆ ಮೂರೇ ತೋರಿಸಿದೆ. ಗುರುತು ಹಿಡಿಯುವುದರಲ್ಲಿ ನನಗೆ ಸಮ ಯಾರೂ ಇರಲಿಲ್ಲ. ಆ ಗಿಡಗಳ ಅಜ್ಜಿಯಂದಿರ ತೊಟ್ಟಿಗೆ ದಾರ ಕಟ್ಟಿದವಳೇ ನಾನು. ಇಪ್ಪತ್ತೇಳು ಮುಗಿಯಿತು. ನಿಶ್ಚಿಂತೆಯಿಂದ ಎದ್ದು ಸೆರಗು ಕೊಡವಿಕೊಂಡೆ. ಆ ನಿಶ್ಚಿಂತೆ ಬಸ್ ಹತ್ತುವವರೆಗೂ ಇರಲಿಲ್ಲ. ಮುಖ ನೋಡಿ ಗುಣ ಹೇಳಿದ್ದೆ. ಯಾವುದನ್ನು ಮಾಡಬೇಡ ಎಂದು ಆರು ವರ್ಷ ಹೇಳಿಕೊಟ್ಟಿದ್ದರೋ ಅದನ್ನೇ ಮಾಡಿದ್ದೆ. ನಾನು ಮೂರು ಬೆರಳು ಕೊಟ್ಟದ್ದು ನಾಳೆ ಎಲ್ಲ ಹೊಲಕ್ಕೂ ಹೋಗುತ್ತದೆ, ನಾನು ಮುಷ್ಟಿ ತೋರಿಸಿದ್ದು ದನದ ಬಾನಿಗೆ ಹೋಗುತ್ತದೆ.

ಮರುದಿನ ಮಧ್ಯಾಹ್ನ ಫಾರಮ್ಮಿನ ಕಾವಲುಗಾರ ಬಂದು, ಕೆಲಸ ಬಿಟ್ಟ ಮೇಲೆ ಮೇಡಂ ಮನೆಗೆ ಹೋಗಬೇಕಂತೆ ಎಂದ. ಆರು ವರ್ಷದಲ್ಲಿ ಒಂದು ಸಲವೂ ಮನೆಗೆ ಕರೆದಿರಲಿಲ್ಲ. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಅವರ ಬಾಡಿಗೆ ಮನೆ. ಗುಬ್ಬಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಏನು ಹೇಳಬೇಕೆಂದು ಜೋಡಿಸಿಕೊಂಡೆ. ಇಳಿಯುವಷ್ಟರಲ್ಲಿ ಎಲ್ಲ ಮರೆತಿತ್ತು.

ಮನೆ ತುಂಬ ಕಾಗದದ ಕವರು, ಕವರಿನಲ್ಲಿ ಬೀಜ. ಕುರ್ಚಿಯ ಮೇಲೂ ಬೀಜ. ಮೇಡಂ ಎರಡು ಲೋಟ ಕಾಫಿ ತಂದರು. ನಾನು ಕೈಗೆ ಏನಾದರೂ ಕೆಲಸ ಸಿಕ್ಕಿತಲ್ಲ ಎಂದು ಗಟಗಟ ಕುಡಿದೆ. ಅವರು ತಮ್ಮದನ್ನು ಮುಟ್ಟಲಿಲ್ಲ.

‘ಕಾಫಿ ಹೆಂಗಿದೆ?’ ಎಂದರು.

‘ಚೆನ್ನಾಗೈತೆ ಅಮ್ಮಾವ್ರೆ.’

‘ಹಾಲು ಸೀದೋಗಿದೆ. ನಾನೇ ಕುಡಿಯಕ್ಕಾಗ್ತಿಲ್ಲ.’

ಬೇಕೆಂದೇ ಸೀಯಿಸಿದರೋ, ಮರೆತು ಸೀದಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಲೋಟ ಕೆಳಗಿಟ್ಟೆ. ಅವರು ಪುಸ್ತಕ ತಂದು ನನ್ನ ಮುಂದೆ ಬಿಡಿಸಿದರು. ನಾನು ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ, ಊರಿನ ಸಾಕ್ಷರತಾ ಕ್ಲಾಸಿನಲ್ಲಿ. ಆದರೂ ಅಂಕಿ ಓದಬಲ್ಲೆ. ಹಿಂದಿನ ವರ್ಷದ ಪುಟದಲ್ಲಿ ಒಂದು ಜಾತಿಗೆ ಮೂರು, ಎರಡು, ಮೂರು ಎಂದಿತ್ತು. ಇನ್ನೊಂದಕ್ಕೆ ಒಂದು, ಸೊನ್ನೆ, ಎರಡು. ನಿನ್ನೆಯ ಪುಟದಲ್ಲಿ ಮೂರು, ಮೂರು, ಮೂರು. ಸೊನ್ನೆ, ಸೊನ್ನೆ, ಸೊನ್ನೆ. ಒಂಬತ್ತು ಜಾತಿಗೂ ಹಾಗೆಯೇ, ಹಾರ ಕಟ್ಟಿದಂತೆ.

‘ಇಷ್ಟು ವರ್ಷವೂ ನೀನು ಅಷ್ಟೋ ಇಷ್ಟೋ ತಪ್ಪು ಹೇಳ್ತಾ ಬಂದೆ. ಆ ತಪ್ಪು ಇತ್ತು ಅಂತಾನೇ ನಿನ್ನ ನಂಬಿದ್ದು. ಈ ಸಲ ಒಂದೂ ತಪ್ಪಿಲ್ಲ’ ಎಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸಿ ಏನಾದರೂ ಹೇಳಿಕೊಳ್ಳುತ್ತಿದ್ದೆ.

‘ಮೂಗು ಸತ್ತೋಗೈತೆ ಅಮ್ಮಾವ್ರೆ. ಶಿವರಾತ್ರಿಯಿಂದ. ಕಣ್ ಬುಟ್ಕಂಡು ಮೂಸ್ದೆ.’

ಮೇಡಂ ಆ ಪುಟಕ್ಕೆ ಮೂಲೆಯಿಂದ ಮೂಲೆಗೆ ಗೀಟು ಎಳೆದರು, ಪಕ್ಕದಲ್ಲಿ ಏನೋ ಬರೆದರು. ಗೀಟು ಅಳಿಸ್ಬುಡಿ, ಮೀಟಿಂಗ್ನಾಗೆ ಯಾರಿಗೆ ಗೊತ್ತಾಯ್ತದೆ ಎಂದು ಬೇಡಿಕೊಂಡೆ. ಅವರು ನನ್ನನ್ನು ಬೈದದ್ದು ಆಗ ಒಂದೇ ಸಲ. ಮೀಟಿಂಗಿನಲ್ಲಿ ಗೊತ್ತಾಗುವುದಿಲ್ಲ, ಸಾರು ಮಾಡಿದವಳಿಗೆ ಗೊತ್ತಾಗುತ್ತೆ, ಅವಳು ಆ ಬೀಜವನ್ನು ಮತ್ತೆ ಬಿತ್ತಲು ಬಿಡುವುದಿಲ್ಲ, ಅಷ್ಟೂ ತಿಳಿಯದೆ ಆರು ವರ್ಷ ಏನು ಮೂಸಿದೆ ಎಂದರು. ಗಿಡದಲ್ಲಿ ಹಸಿ ಕಾಯಿ ಇನ್ನು ಮೂರ್ನಾಲ್ಕು ದಿನ ಇರುತ್ತಿತ್ತು. ಆಮೇಲೆ ಬಲಿತು ಒಣಗಿದರೆ ಸೊಗಡು ನೋಡಲು ಬರುವುದಿಲ್ಲ.

‘ನಿಮ್ಮೂರಲ್ಲಿ ಇನ್ನೊಂದು ಮೂಗು ಇದೆಯಾ?’ ಎಂದು ಕೇಳಿದರು.

ಇಲ್ಲ ಎನ್ನಬಹುದಿತ್ತು. ನಾಲಿಗೆಯವರೆಗೆ ಬಂದಿತ್ತು ಕೂಡ. ‘ಐತೆ’ ಎಂದೆ. ಯಾರು ಎಂದು ಹೇಳಿದೆ. ಅವಳು ಕಣ್ಣು ಬಿಟ್ಟಿದ್ದಳು ಎಂದೆಯಲ್ಲ ಎಂದರು. ಆರು ವರ್ಷದ ಹಿಂದಿನ ಮಾತು ಅವರಿಗೆ ನೆನಪಿತ್ತು. ನಾನು ಖಾಲಿ ಲೋಟ ಎತ್ತಿಕೊಂಡು ತೊಳೆಯಲು ಎದ್ದೆ. ಅವರಿಗೆ ಅರ್ಥವಾಯಿತು ಎಂದು ಕಾಣುತ್ತದೆ. ಬೆಳಿಗ್ಗೆ ಆರೂವರೆಗೆ ಚಿಬ್ಬಲು ಇಟ್ಟಿರುತ್ತೇನೆ ಎಂದಷ್ಟೇ ಹೇಳಿ ಬಾಗಿಲವರೆಗೆ ಬಂದರು.

ಮುಂದೆ ಏನಾಯಿತೆಂದು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಕೇಳಬಾರದು. ನಾನು ಮೂರು ಬೆರಳು ಕೊಟ್ಟಿದ್ದ ಕೆಂಪಂಚಿನ ಕಾಯಿಗೆ ಸೊಗಡು ಇರಲೇ ಇಲ್ಲ. ಇದ್ದದ್ದು ನಾನು ಮುಷ್ಟಿ ತೋರಿಸಿದ ಒಂದು ಅಗಲದ ಬಿಳಿಚು ಕಾಯಿಗೆ. ಆದರೆ ಹೊಸ ಮೂಗಿನ ಒಂದು ಬೆಳಗಿನ ಮಾತು ಸಾಲದು, ಇನ್ನೊಂದು ಬೇಸಿಗೆ ನೋಡಬೇಕು ಎಂದು ಮೇಡಮ್ಮೇ ಮೀಟಿಂಗಿನಲ್ಲಿ ಬರೆದುಕೊಟ್ಟರಂತೆ. ಅವರು ರಿಟೈರ್ ಆದರು. ಬಿಳಿಚು ಅವರೆ ಎರಡು ವರ್ಷ ಬಿಟ್ಟು ಹೊರಗೆ ಬಂತು, ತಳಿ ಮಾಡಿದವರ ಹೆಸರುಗಳ ಸಾಲಿನಲ್ಲಿ ಮೇಡಂ ಹೆಸರು ಮೂರನೆಯದು. ಮೊದಲನೆಯ ಹೆಸರಿನವರು ಒಂದು ದಿನವೂ ನಮ್ಮ ಶೆಡ್ಡಿಗೆ ಬಂದವರಲ್ಲ. ನನ್ನ ಮೂಗು ಅರ್ಧ ಮರಳಿತು. ಸುಟ್ಟದ್ದು, ಕೊಳೆತದ್ದು ಗೊತ್ತಾಗುತ್ತದೆ. ಸೊಗಡು ಗೊತ್ತಾಗುವುದಿಲ್ಲ.

ಮೇಡಂ ಮನೆಗೆ ಹೋಗಿ ಬಂದ ಮರುದಿನ ಬೆಳಿಗ್ಗೆ ಐದು ಗಂಟೆಗೆ ಎದ್ದು ಎರಡನೇ ಬೀದಿಗೆ ಹೋದೆ. ನಾದಿನಿ ಬಾಗಿಲಿಗೆ ನೀರು ಹಾಕುತ್ತಿದ್ದಳು.

‘ಏನತ್ಗೆ ಇಷ್ಟೊತ್ನಾಗೆ? ಯಾರಾದ್ರೂ ಹೋದ್ರಾ?’

‘ನನ್ನ ಮೂಗು ಹೋಯ್ತು ಕಣೇ.’

‘ಮುಖದ್ ಮ್ಯಾಲೇ ಐತಲ್ಲ.’

‘ವಾಸ್ನೆ ಬತ್ತಾ ಇಲ್ಲ. ಮೇಡಂ ನಿನ್ನ ಕರೀತಾವ್ರೆ, ಮೂಸಕ್ಕೆ.’ ಅವಳು ಚೊಂಬಿನಲ್ಲಿ ಉಳಿದ ನೀರನ್ನೂ ಬಾಗಿಲಿಗೆ ಚೆಲ್ಲಿದಳು. ಮಿಕ್ಕದ್ದನ್ನೂ ಹೇಳದೆ ವಿಧಿಯಿರಲಿಲ್ಲ. ‘ಆವತ್ತು ನೀನು ಕಣ್ ಬುಟ್ಟಿದ್ದೆ ಅಂತ ಮೇಡಂಗೆ ಸುಳ್ ಹೇಳ್ದೆ. ನಾನೂ ಮುಚ್ಕಂಡೇ ಕುಂತಿದ್ದೆ, ಹೆಂಗ್ ನೋಡ್ಲಿ.’

‘ಗೊತ್ತು ಬುಡಿ, ಕೈ ತೊಳೀವಾಗ್ಲೇ ಕೇಳುಸ್ತು’ ಎಂದಳು. ‘ಮೇಡಂ ನನ್ನ ಕೇಳ್ತಾರೆ ಅಂತ ಒಂದ್ ವರ್ಷ ಕಾದೆ. ಆಮೇಲೆ ಬುಟ್ಟೆ.’

ಒಳಗೆ ಹೋದಳು. ಬರುವುದಿಲ್ಲ ಎಂದುಕೊಂಡು ಜಗಲಿಯ ಮೇಲೆ ಕೂತೆ. ಮೊದಲ ಬಸ್ಸಿನ ಹೊತ್ತಾಗುತ್ತಿತ್ತು. ಅವಳು ಸೀಗೆಪುಡಿಯಲ್ಲಿ ಕೈಯನ್ನು ಮೊಣಕೈವರೆಗೆ ತೊಳೆದುಕೊಂಡು, ಹೂ ಮುಡಿಯದೆ, ಎಲೆ ಅಡಿಕೆ ಹಾಕದೆ ಹೊರಗೆ ಬಂದಳು. ಮೂಸುವ ದಿನ ನಾನು ಮಾಡುತ್ತಿದ್ದದ್ದೆಲ್ಲವನ್ನೂ ಅವಳು ಬಿಸಿಲಿನಲ್ಲಿ ನಿಂತು ನೋಡಿ ಇಟ್ಟುಕೊಂಡಿದ್ದಳು.

ಶೆಡ್ಡಿನಲ್ಲಿ ಮೇಡಂ ಮಣೆ ಹಾಕಿದ್ದರು. ಅವಳನ್ನು ಕೂರಿಸಿ, ನನ್ನ ತಲೆಯ ಮೇಲಿದ್ದ ಟವೆಲ್ ಬಿಚ್ಚಿ ಅವಳ ಕಣ್ಣಿಗೆ ಕಟ್ಟಲು ಹೋದೆ. ‘ಕಟ್ಟದ್ ಬ್ಯಾಡ’ ಎಂದು ಅವಳೇ ಕಣ್ಣು ಮುಚ್ಚಿಕೊಂಡಳು. ಮೇಡಂ ಮೊದಲ ಚಿಬ್ಬಲಿನ ಬಟ್ಟೆ ಎತ್ತಿದರು. ನಾನು ಕುಡುಗೋಲು ತೆಗೆದುಕೊಂಡು ಕಳೆಯ ಹೆಂಗಸರ ಸಾಲಿಗೆ ಹೋಗಿ ಕೊನೆಯಲ್ಲಿ ಕೂತೆ.